ಮರಳಿ ಬಂದ ಡಬ್ಬಿ

ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ರಿಫಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅದೇ ಎತ್ತರ, ಅದೇ ಬಿಗಿ ಮುಚ್ಚಳ, ಮುಚ್ಚಳದ ಅಂಚಿನಲ್ಲಿ ಅದೇ ಜೋಡಿ ಗೆರೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಓದುವಾಗ ತಾನಿದ್ದ ಬೀದಿಯ ತುದಿಯ ಕಸದ ತೊಟ್ಟಿಗೆ, ಒಂದರ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಅತ್ತಿತ್ತ ನೋಡಿ, ಕೈಯಾರೆ ಹಾಕಿ ಬಂದ ಸ್ಟೀಲಿನ ಡಬ್ಬಿ. ಅದು ತೊಟ್ಟಿಯಿಂದ ಎದ್ದು, ತನ್ನ ಬೆನ್ನಿಗೇ ವಿಮಾನ ಹತ್ತಿ, ಬಜ್ಪೆಯಲ್ಲಿ ಇಳಿದು, ಫರಂಗಿಪೇಟೆಯ ಹೆದ್ದಾರಿ ದಾಟಿ ಇಲ್ಲಿ ಬಂದು ಕೂತಿದೆ ಎಂದು ಒಂದು ಕ್ಷಣ ನಿಜವಾಗಿಯೇ ಅನ್ನಿಸಿತು. ತೆರೆದೇ ಇದ್ದ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು. ಯಾಕೆ ತಟ್ಟಿದಳೆಂದು ಅವಳಿಗೇ ತಿಳಿಯಲಿಲ್ಲ. ಒಲೆಯ ಮುಂದಿದ್ದ ಅವಳ ಉಮ್ಮ ಮೈಮೂನಮ್ಮ ತಿರುಗಿ ನೋಡಿ ನಕ್ಕಳು.

"ನಿನ್ನದೇ ಅಡುಗೆಮನೆಗೆ ನೀನು ಬಾಗಿಲು ತಟ್ಟುದಾ? ಇವತ್ತು ಮಾವನ ಮನೆಯಲ್ಲಿ ಇದೆಲ್ಲ ಮಾಡ್ಬೇಡ ಮಾರಾಯ್ತಿ. ಹೆಸರಿಡ್ಲಿಕ್ಕೆ ಅವನಿಗೆ ಅಷ್ಟು ಸಿಕ್ಕಿದ್ರೆ ಸಾಕು."

"ಇದು ಎಲ್ಲಿಂದ ಬಂತು ಉಮ್ಮ?"

"ಬಿ.ಸಿ.ರೋಡಿನಲ್ಲಿ ಸಿಕ್ಕಿತು. ಈ ಸೈಜಿದು ಅಂಗಡಿಯವನ ಹತ್ರ ಇದೊಂದೇ ಇದ್ದದ್ದು. ಹೆಸರೂ ಹಾಕಿಸಿದ್ದೇನೆ, ನೋಡು." ಮೈಮೂನಮ್ಮ ತಲೆಬಟ್ಟೆಯ ತುದಿಯಿಂದ ಡಬ್ಬಿಯನ್ನು ಒರೆಸಿ ಬೆಳಕಿಗೆ ಹಿಡಿದಳು. ಐಸಮ್ಮ, ಕನ್ಯಾನ.

ಹಳೆಯದರ ಮೇಲೆ ಹೆಸರು ಚುಕ್ಕಿಗಳಲ್ಲಿತ್ತು. ಉಮ್ಮನ ತಾಯಿ, ಉಮ್ಮಮ್ಮ ಐಸಮ್ಮ, ಬೀಡಿ ಕಟ್ಟಿದ ದುಡ್ಡಿನಲ್ಲಿ ಕೊಂಡ ಮೊದಲ ಸ್ಟೀಲ್ ಪಾತ್ರೆ ಅದು. ಉಳಿ ಇಟ್ಟು ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಯಾರೋ ಹಾಕಿಕೊಟ್ಟ ಆ ಚುಕ್ಕಿಗಳು ಬೂದಿಯಲ್ಲಿ, ಸೋಪಿನಲ್ಲಿ, ತೆಂಗಿನ ನಾರಿನಲ್ಲಿ ಉಜ್ಜಿಸಿಕೊಂಡು ಸವೆದು, ಕಣ್ಣಿಗಿಂತ ಬೆರಳಿಗೇ ಹೆಚ್ಚು ಸಿಗುತ್ತಿದ್ದವು. ಹೊಸದರ ಮೇಲಿನ ಹೆಸರನ್ನು ಮೆಷಿನು ಎಲ್ಲೂ ಎತ್ತದೆ ಒಂದೇ ಎಳೆಯಲ್ಲಿ ಬರೆದಿತ್ತು, ಮದುವೆಯ ಕಾಗದದ ಅಕ್ಷರದ ಹಾಗೆ. "ಇದು ಹಳೇದಲ್ಲ ಅಂತ ಗೊತ್ತಾಗ್ತದೆ ಉಮ್ಮ," ಅಂದಳು ರಿಫಾ. "ಯಾರಿಗೆ? ಉಮ್ಮಮ್ಮನಿಗೆ ಕಣ್ಣು ಸರಿ ಕಾಣುದಿಲ್ಲ. ಮತ್ತೆ, ನೀನು ಎಂತ ಕದ್ದಿದ್ದೀಯಾ? ಬಿಸಾಡಿದ್ದೀಯಾ? ಆ ಮನೆ ಖಾಲಿ ಮಾಡುವಾಗ ಮರೆತದ್ದು. ಮರೆಯುದು ಎಲ್ರಿಗೂ ಉಂಟು." ರಿಫಾ ತಲೆ ತಗ್ಗಿಸಿ ನಲ್ಲಿಯ ಕೆಳಗೆ ಕೈ ಒಡ್ಡಿದಳು. ಮರೆತೆ ಎಂದು ತಾನು ಹೇಳಿದ್ದನ್ನು ಉಮ್ಮ ಇಷ್ಟು ಗಟ್ಟಿಯಾಗಿ ನಂಬಿ, ಅದರ ಮೇಲೆ ಇನ್ನೊಂದು ಸುಳ್ಳಿಗೆ ಇಷ್ಟು ಪ್ರೀತಿಯಿಂದ ಗೋಡೆ ಎಬ್ಬಿಸುತ್ತಾಳೆಂದು ಅವಳು ನೆನೆಸಿರಲಿಲ್ಲ.

ನೀರು ಬೆಚ್ಚಗಿತ್ತು. ಶೆಫೀಲ್ಡಿನ ಅಡುಗೆಮನೆಯ ನಲ್ಲಿಯಲ್ಲಿ ಬೆರಳು ಮರಗಟ್ಟಿಸುವಂಥ ನೀರು. ಒಂದೇ ಅಡುಗೆಮನೆ, ಐದು ಹುಡುಗಿಯರು. ಅವಳು ಹೋದ ಹೊಸತರಲ್ಲಿ, ಒಂದು ಸಂಜೆ, ಕ್ಲಾಸಿನಿಂದ ಬಂದು ಉಮ್ಮಮ್ಮ ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದ ಒಣ ಸಿಗಡಿ ಚಟ್ನಿಯನ್ನು ಬಿಸಿ ಅನ್ನಕ್ಕೆ ಕಲಸಿ, ಯಾರೂ ಇಲ್ಲದಾಗ ಉಂಡು, ತಟ್ಟೆ ತೊಳೆದಿಟ್ಟಿದ್ದಳು. ಆಮೇಲೆ ಬಂದ ಹುಡುಗಿಯೊಬ್ಬಳು ಸ್ವೆಟರಿನ ತೋಳನ್ನು ಮೂಗಿಗೆ ಹಿಡಿದು, ಬಹಳ ಮರ್ಯಾದೆಯಿಂದಲೇ, ಇಲ್ಲೆಲ್ಲೋ ಏನೋ ಸತ್ತಿದೆ, ಇಲಿಯಿರಬೇಕು, ಹುಡುಕೋಣ ಅಂದಳು. ಎಲ್ಲರೂ ಹುಡುಕಲು ಶುರುಮಾಡಿದರು. ರಿಫಾಳೂ ಹುಡುಕಿದಳು. ಅವರ ಜೊತೆ ಸೇರಿ ಫ್ರಿಜ್ಜನ್ನು ಜರುಗಿಸಿದಳು, ಮೊಣಕಾಲೂರಿ ಕಪಾಟಿನ ಅಡಿಗೆ ಟಾರ್ಚು ಬಿಟ್ಟಳು, ಇಲ್ಲಿ ಏನೂ ಇಲ್ಲ ಎಂದು ತಲೆಯಾಡಿಸಿದಳು. ಮಾರನೆಯ ದಿನ ಡಬ್ಬಿ ತೊಟ್ಟಿಗೆ ಹೋಯಿತು. ಅರ್ಧಕ್ಕಿಂತ ಹೆಚ್ಚು ಚಟ್ನಿ ಒಳಗೇ ಇತ್ತು. ಈಗ ಊರಿಗೆ ಬಂದ ಮೇಲೆ ನಿದ್ದೆಗೆ ಮುಂಚೆ ಅವಳ ಕಣ್ಣಿಗೆ ಕಟ್ಟುವುದು ತೊಟ್ಟಿಯಲ್ಲ. ಮೊಣಕಾಲೂರಿ ಟಾರ್ಚು ಬಿಡುವ ತನ್ನದೇ ಬೆನ್ನು.

ಉಮ್ಮ ಡಬ್ಬಿಗೆ ಪಿಸ್ತಾ ತುಂಬುತ್ತಿದ್ದಳು. ಸೌದಿಯ ಜುಬೈಲಿನಿಂದ ರಿಫಾಳ ಅಣ್ಣ ಇಹ್ಸಾನ್ ಕಳಿಸಿದ್ದು. ಬೇರೆ ಮನೆಯ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿ ಇಲ್ಲ; ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಕನ್ಯಾನದ ಅಂಗಳದಲ್ಲಿ ಐಸಮ್ಮ ಡಬ್ಬಿಯನ್ನು ಕೈಗಿಟ್ಟಾಗ ಹೇಳಿದ್ದೂ ಅದೇ: ಡಬ್ಬಿ ವಾಪಸ್ ತರ್ಬೇಕು, ಖಾಲಿ ತರ್ಬೇಡ. ಹುಡುಗಿಯನ್ನು ಅಷ್ಟು ದೂರ ಒಬ್ಬಳೇ ಕಳಿಸುವುದಾ ಎಂದು ಉಮ್ಮನ ಒಡಹುಟ್ಟಿದ ಅಬ್ದುಲ್ ರಹಿಮಾನ್ ಮಾವ ಮುಖ ಗಂಟಿಕ್ಕಿದ್ದಾಗ, ನನ್ನ ಡಬ್ಬಿ ಅವಳ ಕೈಯಲ್ಲಿ ಉಂಟು, ಡಬ್ಬಿ ತರ್ಲಿಕ್ಕಾದ್ರೂ ಬಂದೇ ಬರ್ತಾಳೆ ಎಂದು ಎಲ್ಲರ ಬಾಯಿ ಮುಚ್ಚಿಸಿದವಳು ಆಕೆ. ಈಗ ಮಾವನ ಮಗಳು ರಾಫಿಯಾಳಿಗೆ ಐರ್ಲೆಂಡಿನಲ್ಲಿ ಸೀಟು ಸಿಕ್ಕಿದೆ. ಈ ವಾರದೊಳಗೆ ಹೌದು ಅನ್ನಬೇಕು, ಇಲ್ಲವಾದರೆ ಬಿಡಬೇಕು. ಮಾವ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. "ರಿಫಾ ಬಂದಿದ್ದಾಳಲ್ಲ, ಒಮ್ಮೆ ಬರ್ಲಿ. ನೋಡಿ ಹೇಳ್ತೇನೆ," ಅಂದರಂತೆ. ರಾಫಿಯಾ ರಾತ್ರಿಯಿಂದ ಕಳಿಸುತ್ತಿದ್ದ ಮೆಸೇಜುಗಳಲ್ಲಿ ಕೊನೆಯದು ಇನ್ನೂ ಫೋನಿನ ಮೇಲಿತ್ತು: ನೀನು ಸುಮ್ಮನೆ ಮೊದಲಿನ ಹಾಗೆ ಇದ್ದರೆ ಸಾಕು.

ಮೊದಲಿನ ಹಾಗೆ. ಮೊದಲು ಹೇಗಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಲೇ ಅವಳು ತಲೆಬಟ್ಟೆಗೆ ಪಿನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮೊದಲು ಪಿನ್ನು ಹಾಕುತ್ತಿದ್ದೆನೋ, ಸುಮ್ಮನೆ ಸುತ್ತಿಕೊಳ್ಳುತ್ತಿದ್ದೆನೋ? ಈಚೆಗೆ ಪ್ರತಿಯೊಂದಕ್ಕೂ ಹೀಗೇ. ಅಪ್ಪನ ಅಂಗಡಿಯ ಗಿರಾಕಿ ನಿಲ್ಲಿಸಿ ಮಾತಾಡಿದರೆ ಎಷ್ಟು ಹೊತ್ತು ನಿಲ್ಲಬೇಕು, ನೆರೆಮನೆಯ ಸಫಿಯಮ್ಮ ಕೇಳದೆ ತನ್ನ ಕೋಣೆಗೇ ಬಂದು ಮಂಚದ ಮೇಲೆ ಕೂತರೆ ಮುಖ ಹೇಗಿಡಬೇಕು. ಚಾ ಕೊಟ್ಟ ಅತ್ತಿಗೆಗೆ ಥ್ಯಾಂಕ್ಸ್ ಅಂದುಬಿಟ್ಟಿದ್ದಳು ಒಮ್ಮೆ. ಅತ್ತಿಗೆ ಲೋಟ ಹಿಡಿದುಕೊಂಡೇ, "ನಾನೆಂತ ಹೋಟೆಲಿನವಳಾ?" ಅಂದಿದ್ದಳು. ತಮಾಷೆಯೇ. ಆದರೆ ಆಮೇಲೆ ಎರಡು ದಿನ ಚಾ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು.

ಬಿ.ಸಿ.ರೋಡಿನಲ್ಲಿ ವಿಟ್ಲದ ಮೇಲೆ ಕನ್ಯಾನಕ್ಕೆ ಹೋಗುವ ಬಸ್ಸು ಬಂದಾಗ ಅವಳು ಇಳಿಯುವವರು ಇಳಿಯಲಿ ಎಂದು ಪಕ್ಕಕ್ಕೆ ಸರಿದು ನಿಂತಳು. ಇಳಿಯುವವರೂ ಹತ್ತುವವರೂ ಒಂದೇ ಬಾಗಿಲಲ್ಲಿ ಒಬ್ಬರನ್ನೊಬ್ಬರು ತೂರಿಕೊಂಡು ಹೋದರು. ಅವಳ ಹಿಂದಿದ್ದವರೆಲ್ಲ ಅವಳ ಮುಂದಾದರು. ಮೈಮೂನಮ್ಮ ಆ ಗೌಜಿಗೆ ಹೋಗಲೇ ಇಲ್ಲ. ಬಸ್ಸಿನ ಬದಿಗೆ ಬಂದು, ಕಿಟಕಿಯ ಸರಳಿನ ಸಂದಿಯಿಂದ ಕೈ ಹಾಕಿ, ಡಬ್ಬಿಯಿದ್ದ ಚೀಲವನ್ನು ಸೀಟಿನ ಮೇಲೆ ಧೊಪ್ಪೆಂದು ಇಟ್ಟುಬಿಟ್ಟಳು. ಅಷ್ಟೇ. ಆ ಸೀಟು ಅವರದಾಯಿತು. ನೂಕಿಕೊಂಡು ಒಳಗೆ ಬಂದ ಯಾರೂ ಅದರ ಮೇಲೆ ಕೂರಲಿಲ್ಲ. ಚೀಲದ ಪಕ್ಕ ಹಿಡಿಗಂಬಿ ಹಿಡಿದು ನಿಂತಿದ್ದ ಮುದುಕನೊಬ್ಬ, ರಿಫಾ ಕೊನೆಗೆ ಹತ್ತಿ ಬಂದಾಗ, "ಕೂತ್ಕೊಳ್ಳಿ, ನಿಮ್ಮದಲ್ವಾ," ಅಂದ. ಅವಳಿಗೆ ಕೂರಲು ನಾಚಿಕೆಯಾಯಿತು. ಉಮ್ಮನ ಜೊತೆ ಕೂತ ಮೇಲೂ, ಎದ್ದು ಅವನಿಗೆ ಜಾಗ ಕೊಡಬೇಕೆನ್ನಿಸಿತು. ಕೊಟ್ಟರೆ ಉಮ್ಮನ ಪಕ್ಕ ಪರ ಗಂಡಸು ಕೂತಂತಾಗುತ್ತದೆ ಎಂದೂ ಹೊಳೆಯಿತು. ಅಷ್ಟರಲ್ಲಿ ಬಸ್ಸು ಹೊರಟಿತ್ತು. ಕಲ್ಲಡ್ಕದ ತನಕ ಅವಳು ಆ ಮುದುಕನ ಕೈಯನ್ನೇ ನೋಡುತ್ತಿದ್ದಳು. ತೊಡೆಯ ಮೇಲಿದ್ದ ಡಬ್ಬಿ ಚೀಲದೊಳಗಿಂದ ಒತ್ತುತ್ತಿತ್ತು. ಇದನ್ನು ಈ ಸೀಟಿನಲ್ಲೇ ಮರೆತು ಇಳಿದರೆ? ಆಗ ಮರೆತೆ ಎಂಬ ಮಾತು ನಿಜವಾದಂತಾಗುತ್ತದೆ. ಆ ಯೋಚನೆ ಬಂದದ್ದೇ ಅವಳು ಚೀಲದ ಹಿಡಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ತನ್ನ ಕೈಯನ್ನು ಅವಳು ಈಗ ನಂಬುತ್ತಿರಲಿಲ್ಲ.

ಮಾವನ ಮನೆ ಕನ್ಯಾನದ ಪೇಟೆಗೆ ಹತ್ತಿರ. ಮುಂದೆ ಸಿಮೆಂಟು, ಕಬ್ಬಿಣದ ಅಂಗಡಿ, ಹಿಂದೆ ಮನೆ. ಮನೆಯ ಮುಂದಿನ ಸಿಟೌಟಿನ ಜಗಲಿಯಲ್ಲಿ ಕೂತಿದ್ದ ಮಾವ ಸಲಾಮಿಗೆ ಸಲಾಂ ಹೇಳಿ, ಅವಳು ಚಪ್ಪಲಿ ಬಿಡುವುದನ್ನು ನೋಡಿದರು, ಕಾಲು ತೊಳೆಯುವುದನ್ನು ನೋಡಿದರು, ಒಳಗೆ ಹೋಗುವಾಗ ಬಲಗಾಲೇ ಇಟ್ಟಳೋ ಎಂದೂ ನೋಡಿದರು. ಅಥವಾ ನೋಡಲಿಲ್ಲ, ಅವಳಿಗೆ ಹಾಗನ್ನಿಸಿತು. ಚಾವಡಿಯಲ್ಲಿ, ಹಿಂದೆಯೇ ಬಂದ ಮಾವನ ಎದುರು, ಕುರ್ಚಿಯಲ್ಲಿ ಕೂತವಳು ಕಾಲ ಮೇಲೆ ಕಾಲು ಹಾಕಿದ್ದು ಗೊತ್ತಾಗಿ ಗಕ್ಕನೆ ಇಳಿಸಿದಳು. ಇಳಿಸಿದ್ದು ಇನ್ನೂ ಹೆಚ್ಚು ಕಂಡಿರಬೇಕು.

"ಕೆಲಸ ಎಂತಾಯ್ತು?" ಮಾವ ಕೇಳಿದರು.

"ಮೂಡುಬಿದಿರೆಯ ಒಂದು ಕಾಲೇಜಿಗೆ ಹೋಗಿ ಮಾತಾಡಿ ಬಂದಿದ್ದೇನೆ ಮಾವ. ಫೋನು ಬರ್ಲಿಕ್ಕುಂಟು."

"ಮೂಡುಬಿದಿರೆಗೆ ಹೋಗ್ಲಿಕ್ಕೆ ಇಂಗ್ಲೆಂಡಿನ ಮೇಲೆ ಸುತ್ತಿ ಬರ್ಬೇಕಿತ್ತಾ? ಬಿ.ಸಿ.ರೋಡಿನಿಂದ ದಿನಾ ಬಸ್ಸುಂಟಲ್ಲ." ಮಾವ ನಕ್ಕರು. ಉಮ್ಮನೂ ನಕ್ಕಳು. ರಿಫಾ ನಗಲು ಸ್ವಲ್ಪ ತಡವಾಯಿತು. ನಕ್ಕಾಗ ಬೇರೆಯವರ ನಗು ಮುಗಿದಿತ್ತು.

ರಾಫಿಯಾ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ತಂದಿಟ್ಟಳು. ತಟ್ಟೆ ಇಡುವಾಗ ರಿಫಾಳ ಭುಜವನ್ನು ಮೊಣಕೈಯಿಂದ ಒಮ್ಮೆ ಒತ್ತಿ ಹೋದಳು. ಅವಳ ಮುಖ ಸಣ್ಣದಾಗಿತ್ತು, ಕಣ್ಣಿನ ಕೆಳಗೆ ಕಪ್ಪು. ಈ ಹುಡುಗಿಯ ಐರ್ಲೆಂಡು ನನ್ನ ಬಲಗೈಯ ಬೆರಳಲ್ಲಿದೆ ಎಂದುಕೊಂಡು ರಿಫಾ ಅಕ್ಕಿರೊಟ್ಟಿ ಮುರಿದಳು. ಸಾರು ಖಾರವಿತ್ತು. ಮೊದಲಾದರೆ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ ಖಾರ. ಈಗ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಮಾವನಿಗೆ ಕಾಣುತ್ತದೆ, ಒರೆಸದಿದ್ದರೆ ಕೆನ್ನೆಗೆ ಇಳಿಯುತ್ತದೆ. ಇಳಿಯಿತು. "ಖಾರ ಆಯ್ತಾ?" ಅತ್ತೆ ಒಳಗಿಂದ ಕೂಗಿದಳು. "ಇಲ್ಲ ಇಲ್ಲ, ಸಮ ಉಂಟು," ಅಂದಳು ರಿಫಾ. ಥ್ಯಾಂಕ್ಸ್ ಎಂಬುದು ನಾಲಗೆಯ ತುದಿಗೆ ಬಂದದ್ದನ್ನು ರೊಟ್ಟಿಯ ಜೊತೆ ನುಂಗಿದಳು.

ಐಸಮ್ಮ ಊಟದ ನಂತರ ಎದ್ದು ಬಂದಳು. ಮಂಡಿ ಹಿಡಿದುಕೊಂಡು ಕುರ್ಚಿಗೆ ಇಳಿದು, ರಿಫಾಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರ ಎಳೆದುಕೊಂಡಳು. "ಕಪ್ಪಾಗ್ಲಿಲ್ಲ, ಬೆಳ್ಳಗೂ ಆಗ್ಲಿಲ್ಲ. ಹೋದ ಹಾಗೇ ಬಂದಿದ್ದಾಳೆ. ಮತ್ತೆ ನನ್ನ ಡಬ್ಬಿ ಎಲ್ಲಿ?" ಎಲ್ಲರೂ ನಕ್ಕರು. ಮೈಮೂನಮ್ಮ ಚೀಲವನ್ನು ರಿಫಾಳ ಕಡೆ ದೂಡಿದಳು. ನೀನೇ ಕೊಡು ಎಂದು ಹುಬ್ಬಿನಲ್ಲೇ ಹೇಳಿದಳು. ರಿಫಾ ಡಬ್ಬಿಯನ್ನು ಹೊರತೆಗೆದು ಹೆಸರಿನ ಬದಿ ತನ್ನ ಅಂಗೈಯೊಳಗೆ ಬರುವಂತೆ ಹಿಡಿದು, ಉಮ್ಮಮ್ಮನ ಮಡಿಲಿಗೆ ಇಟ್ಟಳು. ಕೈ ಬಿಡಲು ತುಸು ಹೊತ್ತಾಯಿತು.

ಐಸಮ್ಮ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. "ಇದೆಂತ?"

"ಪಿಸ್ತಾ ಉಮ್ಮಮ್ಮ."

"ಆ ಚಳಿಯಲ್ಲಿ ಪಿಸ್ತಾ ಬೆಳೀತದಾ?"

"ಅಲ್ಲಿ ಎಲ್ಲ ಸಿಗ್ತದೆ ಉಮ್ಮ," ಮೈಮೂನಮ್ಮ ನಡುವೆ ಬಾಯಿ ಹಾಕಿದಳು.

ಮಾವ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡರು. ಒಂದು ಪಿಸ್ತಾ ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನು ಎಡಗೈಗೆ ಉಗುಳಿ, ಡಬ್ಬಿಯನ್ನು ಸುತ್ತ ತಿರುಗಿಸಿದರು. ಹೆಸರು ಕಿಟಕಿಯ ಬೆಳಕಿಗೆ ಬಂತು. ಆ ಒಂದೇ ಎಳೆಯ ಅಕ್ಷರಗಳು ಇಷ್ಟು ದೊಡ್ಡವಾಗಿ, ಇಷ್ಟು ಬೆಳ್ಳಗೆ, ಇಡೀ ಮನೆಗೆ ಓದಿ ಹೇಳುವಂತೆ ಹೊಳೆಯುತ್ತವೆಂದು ಫರಂಗಿಪೇಟೆಯಲ್ಲಿ ಅನಿಸಿರಲಿಲ್ಲ.

"ಹೊಸತರ ಹಾಗೆ ಉಂಟಲ್ಲ ಇದು," ಮಾವ ಅಂದರು.

"ಅಲ್ಲಿ ಪಾತ್ರೆ ತೊಳೆಯುದು ಮೆಷಿನಿನಲ್ಲಿ," ಮೈಮೂನಮ್ಮ ಅಂದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. "ಹಳೇದೆಲ್ಲ ಹೊಸತಾಗ್ತದೆ."

"ಹೆಸರೂ ಹೊಸತಾಗ್ತದಾ?"

"ಅದೆಂತ ನಿನ್ನ ವಿಚಾರಣೆ?" ಐಸಮ್ಮ ಕೈ ಚಾಚಿದಳು. "ಕೊಡು ಇಲ್ಲಿ. ನಿನ್ನ ಅಂಗಡಿಯ ತಕ್ಕಡಿಗೆ ಒಮ್ಮೆ ಮೆಷಿನು ಹಾಕ್ಸು, ಅದೂ ಹೊಳೀಲಿ." ರಾಫಿಯಾ ಬಾಗಿಲ ಮರೆಯಲ್ಲಿ ಕಿಸಕ್ಕನೆ ನಕ್ಕಳು. ಡಬ್ಬಿ ಐಸಮ್ಮನ ಕೈಗೆ ಹೋಯಿತು. ಅವಳ ಹೆಬ್ಬೆರಳು, ಬೀಡಿ ಎಲೆಯ ಅಂಚು ಮಡಚಿ ಮಡಚಿ ತುದಿ ಚಪ್ಪಟೆಯಾದ ಹೆಬ್ಬೆರಳು, ಹೆಸರಿನ ಮೇಲೆ ಒಮ್ಮೆ ಹೋಗಿ ಬಂತು. ನಿಂತಿತೇ? ನಿಂತಂತೆ ಕಂಡಿತು. ರಿಫಾ ಆ ಮುಖವನ್ನೇ ನೋಡುತ್ತಿದ್ದಳು, ಅದರಲ್ಲಿ ಏನೂ ಬದಲಾಗಲಿಲ್ಲ. ಬದಲಾಗದ್ದಕ್ಕೆ ಅವಳಿಗೆ ಇನ್ನೂ ಭಯವಾಯಿತು. ಐಸಮ್ಮ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಮಗನ ಕಡೆ ತಿರುಗಿದಳು.

"ಈಗ ಹೇಳು. ಹೋದವಳು ಬಂದಳಾ ಇಲ್ವಾ? ಡಬ್ಬಿ ಬಂತಾ ಇಲ್ವಾ? ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ನಾನು ಒಬ್ಬಳೇ ನಡ್ಕೊಂಡು ಹೋಗುವಾಗ್ಲೂ ಜನ ಹೀಗೇ ಹೇಳಿದ್ದು, ಹೋದವಳು ಹಾಗೇ ಹೋದಾಳು ಅಂತ. ಆ ದುಡ್ಡಿನಲ್ಲಿ ನೀನು ದೊಡ್ಡವನಾದದ್ದು. ನನ್ನ ಮೊಮ್ಮಗಳ ಸೀಟಿಗೆ ಎಂತ ಹೇಳ್ತೀ?"

ಮಾವ ಡಬ್ಬಿಯಿಂದ ಕಣ್ಣೆತ್ತಿದರು. ಅವರು ರಿಫಾಳನ್ನು ನೋಡುತ್ತಿದ್ದರು. ಈ ಒಂದು ನೋಟಕ್ಕಾಗಿಯೇ ಬೆಳಿಗ್ಗೆಯಿಂದ ಪಿನ್ನು ಹಾಕಿ ತೆಗೆದದ್ದು, ಕಾಲು ಇಳಿಸಿದ್ದು, ಖಾರ ನುಂಗಿದ್ದು. ಅವರಿಗೆ ಗೊತ್ತಾಗಿದೆ, ಅವಳಿಗೆ ಖಾತ್ರಿಯಾಯಿತು. ಮರುಕ್ಷಣ, ಗೊತ್ತಾಗಿಲ್ಲ ಎಂದೂ ಖಾತ್ರಿಯಾಯಿತು. ಈಗ ಬಾಯಿ ತೆರೆದು ನಿಜ ಹೇಳಿದರೆ ತನ್ನ ಎದೆ ಹಗುರವಾಗುತ್ತದೆ, ರಾಫಿಯಾಳ ಐರ್ಲೆಂಡು ಈ ಚಾವಡಿಯಲ್ಲೇ ಮುಗಿಯುತ್ತದೆ. ತನ್ನ ಹಗುರಕ್ಕೆ ಅಷ್ಟು ದೊಡ್ಡ ಬೆಲೆ ಬೇರೆಯವರಿಂದ ಕೊಡಿಸುವುದು ಹೇಗೆ? ಅಥವಾ ಇದೂ ಹೇಡಿತನಕ್ಕೆ ತಾನು ಕಂಡುಕೊಂಡ ಇನ್ನೊಂದು ಚೀಲವೇ, ಸುತ್ತಿ ಮರೆಮಾಡಲು? ಅವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸಬಾರದೆಂದು ಅವಳೇನೂ ನಿರ್ಧರಿಸಿರಲಿಲ್ಲ, ತಗ್ಗಿಸುವುದು ಮರೆತುಹೋಯಿತು.

"ಹೋಗ್ಲಿ," ಮಾವ ಕೊನೆಗೆ ಅಂದರು. ಸಿಪ್ಪೆಯನ್ನು ಕಿಟಕಿಯಿಂದ ಅಂಗಳಕ್ಕೆ ಎಸೆದರು. "ಆದ್ರೆ ಈ ಡಬ್ಬಿಯನ್ನೇ ತಕೊಂಡು ಹೋಗ್ಲಿ. ರಿಫಾ ತಂದ ಹಾಗೆಯೇ ತರ್ಬೇಕು." ರಿಫಾ ಎಂಬ ಹೆಸರಿನ ಮೇಲೆ ಅವರು ಒತ್ತು ಕೊಟ್ಟರೋ, ಬಾಯಲ್ಲಿ ಪಿಸ್ತಾ ಇದ್ದದ್ದಕ್ಕೆ ಹಾಗೆ ಕೇಳಿಸಿತೋ, ತಿಳಿಯಲಿಲ್ಲ.

ಒಳಗೆ ಅತ್ತೆ ಅಳುವುದೂ ನಗುವುದೂ ಒಟ್ಟಿಗೆ ಕೇಳಿಸಿತು. ಐಸಮ್ಮ ಆಗಲೇ ಎದ್ದಿದ್ದಳು. ಪಿಸ್ತಾವನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಒರೆಸಿ, ಭರಣಿಯಿಂದ ಒಣ ಸಿಗಡಿ ಚಟ್ನಿ ತುಂಬಿ, ಅಂಗೈಯಿಂದ ಒತ್ತಿ ಒತ್ತಿ ಇನ್ನಷ್ಟು ತುಂಬಿದಳು. ಹೊರಡುವ ದಿನ ದೂರವಿತ್ತು; ಆ ಮಾತು ಅವಳಿಗೆ ಬೇಕಿರಲಿಲ್ಲ. ಮಗ ಒಪ್ಪಿದ ಬಾಯಿ ಮುಚ್ಚುವ ಮೊದಲೇ ಡಬ್ಬಿ ಮೊಮ್ಮಗಳ ಕೈಯಲ್ಲಿರಬೇಕು. ಒಣ ಸಿಗಡಿ, ಸುಟ್ಟ ಮೆಣಸು, ತೆಂಗಿನಕಾಯಿ. ವಾಸನೆ ಎದ್ದು ಚಾವಡಿ ತುಂಬಿತು. ಯಾರೂ ಮೂಗು ಮುಚ್ಚಲಿಲ್ಲ, ಯಾರೂ ಏನನ್ನೂ ಹುಡುಕಲಿಲ್ಲ. ರಿಫಾಳ ಬಾಯಲ್ಲಿ ನೀರೂರಿತು, ಅದೇ ಹೊತ್ತಿಗೆ ಕಿಟಕಿ ತೆರೆದಿದೆಯೋ ಎಂದು ಅವಳ ಕಣ್ಣು ಹೋಯಿತು.

ಅವಳು ಹಿತ್ತಿಲಿಗೆ ಬಂದು ಒಗೆಯುವ ಕಲ್ಲಿನ ಹತ್ತಿರ ಕೈ ತೊಳೆಯುತ್ತಿದ್ದಾಗ ರಾಫಿಯಾ ಹಿಂದಿನಿಂದ ಬಂದು ತಬ್ಬಿಕೊಂಡಳು. ಡಬ್ಬಿ ಇಬ್ಬರ ನಡುವೆ ಬೆನ್ನಿಗೆ ಒತ್ತಿತು.

"ಬದುಕಿದೆ ಮಾರಾಯ್ತಿ. ನೀನು ಡಬ್ಬಿ ತರದಿದ್ರೆ ನನ್ನ ಕಥೆ ಮುಗೀತಿತ್ತು." ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳ್ಲಾ? ಅಲ್ಲಿ ಅಡುಗೆಮನೆ ಎಲ್ರಿಗೂ ಸೇರಿ ಒಂದೇ ಅಂತೆ, ಅಲ್ವಾ. ಇದು ಇಷ್ಟು ವಾಸನೆ ಬರ್ತದೆ. ನೀನು ಎಂತ ಮಾಡ್ತಿದ್ದೆ?"

ಕಿಟಕಿ ತೆಗೆದಿಡ್ತಿದ್ದೆ, ಎಂಬ ಉತ್ತರ ರಿಫಾಳ ಬಾಯಲ್ಲಿ ಸಿದ್ಧವಾಗಿತ್ತು. ಅಂಥ ಉತ್ತರಗಳು ಈಗ ತಾವಾಗಿಯೇ ಸಿದ್ಧವಾಗುತ್ತಿದ್ದವು. ಅವಳು ರಾಫಿಯಾಳ ಮುಖ ನೋಡಿದಳು. ಕಣ್ಣ ಕೆಳಗಿನ ಕಪ್ಪು ಅಲ್ಲೇ ಇತ್ತು, ಆದರೆ ಮುಖ ಬೆಳಗಿತ್ತು. ಆ ಬೆಳಕಿನಲ್ಲಿ ಅವಳು ಶೆಫೀಲ್ಡಿನ ಹಾಗಿರುವ ಯಾವುದೋ ಊರಿನ ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ, ಟಾರ್ಚು ಹಿಡಿದು, ಇಲ್ಲಿ ಏನೂ ಇಲ್ಲ ಅನ್ನುತ್ತಿರುವುದು ಕಂಡಿತು.

"ಯಾರಾದ್ರೂ ಎಂತ ವಾಸನೆ ಅಂತ ಕೇಳ್ತಾರೆ," ರಿಫಾ ಅಂದಳು. ನಲ್ಲಿ ಬಿಟ್ಟೇ ಇತ್ತು. "ಕೇಳಿದ ಕೂಡಲೇ ಹೇಳು, ನನ್ನದು ಅಂತ. ತಡ ಮಾಡ್ಬೇಡ. ಅವರ ಜೊತೆ ಹುಡುಕ್ಲಿಕ್ಕೆ ಸೇರ್ಬೇಡ."

"ಎಂತ ಹುಡುಕ್ಲಿಕ್ಕೆ?"

"ಹಾಗೆ ಹೇಳ್ಲಿಕ್ಕೆ ಆಗ್ಲಿಲ್ಲ ಅಂದ್ರೆ," ತನ್ನ ದನಿ ತನಗೇ ದೂರದಿಂದ ಕೇಳಿಸಿತು, "ನನಗೆ ಫೋನು ಮಾಡು. ಬಿ.ಸಿ.ರೋಡಿನಲ್ಲಿ ಹೆಸರು ಹಾಕಿಕೊಡುವವನಿದ್ದಾನೆ."

ರಾಫಿಯಾ ನಕ್ಕಳು. ನಗು ಅರ್ಧದಲ್ಲಿ ನಿಂತಿತು. ಅವಳು ಡಬ್ಬಿಯನ್ನು ಮುಖದೆತ್ತರಕ್ಕೆ ತಂದು, ಹೆಸರಿನ ಮೇಲೆ ಉಗುರು ಎಳೆದಳು. ಒಂದು ಸಲ. ಮತ್ತೆ, ನಿಧಾನವಾಗಿ, ಇನ್ನೊಂದು ಸಲ. ಹಳೆಯ ಚುಕ್ಕಿಗಳು ಉಗುರಿಗೆ ಸಿಗಲಿಲ್ಲ. ರಿಫಾಳಿಗೆ ಓಡಬೇಕೆನ್ನಿಸಿತು, ಕಾಲು ಒದ್ದೆ ಕಲ್ಲಿನ ಮೇಲೆ ಗಟ್ಟಿಯಾಗಿ ನಿಂತಿತ್ತು. ಬೈಯುತ್ತಾಳೆ, ಅಪ್ಪನನ್ನು ಕರೆಯುತ್ತಾಳೆ, ಅಥವಾ ಅಳುತ್ತಾಳೆ. ಒಳಗಿನಿಂದ ಐಸಮ್ಮ ಕೂಗಿದಳು: "ರಾಫೀ, ಮುಚ್ಚಳ ಬಿಗಿ ಮಾಡು, ಗಾಳಿ ಹೋದ್ರೆ ಮೆತ್ತಗಾಗ್ತದೆ!"

ರಾಫಿಯಾ ಮುಚ್ಚಳವನ್ನು ತೆಗೆದಳು. ಎರಡು ಬೆರಳಲ್ಲಿ ಚಟ್ನಿ ಎತ್ತಿ, ಅರ್ಧ ತನ್ನ ಬಾಯಿಗೆ ಹಾಕಿ, ಉಳಿದರ್ಧವನ್ನು ರಿಫಾಳ ಬಾಯಿಗಿಟ್ಟಳು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಆಮೇಲೆ ಅವಳು ಮುಚ್ಚಳವನ್ನು ಅಂಗೈಯಿಂದ ಗುದ್ದಿ ಬಿಗಿ ಮಾಡಿ, ಡಬ್ಬಿಯನ್ನು ತಿರುಗಿಸಿ, ಹೆಸರಿನ ಬದಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮನೆಯೊಳಗೆ ನಡೆದಳು.

"ಬಿಗಿ ಮಾಡಿದೆ ಉಮ್ಮಮ್ಮ," ಎಂದಳು ಒಳಗೆ ಹೋಗುತ್ತ, ಎಲ್ಲರಿಗೂ ಕೇಳುವ ಹಾಗೆ.